ಬೇವಿನ ಮೋಟಿನ ಬಲಕ್ಕೆ

ಕೆರೆಯ ಹೆಸರು ಹೇಳುವುದಿಲ್ಲ. ಯಲಹಂಕದ ಕಡೆ, ಅಷ್ಟು ಸಾಕು.
ಹೇಳಿದರೆ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ;
ಜಾಗವಿಲ್ಲದ ಕಡೆ ಜನ ತುಂಬುವುದು
ವಾರಕ್ಕೆ ಆರು ದಿನ ನನ್ನ ಕೆಲಸ.
ಮಂಗಳವಾರ ರಜೆ.

ಮೊದಲು ಗಾಳಿ ನೋಡು, ಅಂದಿದ್ದ ಡ್ರೈವರ್ ಗಂಗಹನುಮಯ್ಯ.
ಬೆನ್ನಿಗೆ ಬೀಸಿದರೆ ನಿನಗೆ ಹಿತ, ಮೀನಿಗಲ್ಲ.
ಮುಖಕ್ಕೆ ಹೊಡೆಯುವ ದಡ ಹಿಡಿ.
ಕೆರೆ ತನ್ನ ತಿಂಡಿಯನ್ನೆಲ್ಲ ಅಲ್ಲಿಗೇ ಗುಡಿಸಿ ತರುತ್ತದೆ:
ನೊರೆ, ಹುಳ, ಹೊಂಗೆ ಹೂವು, ಯಾರದೋ ಒಂಟಿ ಚಪ್ಪಲಿ.
ಹಿಂದೆಯೇ ಗೆಂಡೆ ಬರುತ್ತದೆ,
ಮೂತಿ ಕೆಸರಲ್ಲಿಟ್ಟು.

ಕೋಲು ಮೂರು, ಕವೆ ಆರು.
ಮುಂದಿನ ಕವೆ ತಗ್ಗು, ಹಿಂದಿನದು ಒಂದು ಗೇಣು ಮೇಲೆ.
ತುದಿ ನೀರಿನತ್ತ ಬಾಗಿರಲಿ, ದಾರ ಗಾಳಿಗೆ ಗುಂಯ್‌ಗುಡಬಾರದು.
ತುದಿಗೊಂದು ಗೆಜ್ಜೆ.
ಕೋಲಿಗೂ ಕೋಲಿಗೂ ಒಂದು ಮಾರು ಬಿಡು,
ಇಬ್ಬರ ಸೀಟಿನಲ್ಲಿ ಮೂವರನ್ನು ಒತ್ತಿದ ಹಾಗೆ ಒತ್ತಬೇಡ;
ಒಂದು ಮೀನು ಅಡ್ಡ ಓಡಿತೋ, ಮೂರು ದಾರವೂ ಜಡೆ.

ಒಂದನ್ನು ದೂರಕ್ಕೆ ಎಸೆ, ಅದು ಆಸೆಗೆ.
ಇನ್ನೊಂದು ಜೊಂಡಿನ ಅಂಚಿಗೆ.
ಮೂರನೆಯದು ಕಾಲಬುಡದಲ್ಲೇ, ಕಲ್ಲು ಕಟ್ಟಡದ ಪಕ್ಕ.
ನಗಬೇಡ. ನನಗೆ ಸಿಕ್ಕವೆಲ್ಲ ಅಲ್ಲೇ.
ಆದರೆ ದಡದ ಮೇಲೆ ಧಪ್ ಧಪ್ ನಡೆಯಬೇಡ,
ನೆಲ ನಡುಗುವುದು ಅದಕ್ಕೆ ನಿನಗಿಂತ ಮೊದಲು ಗೊತ್ತು.
ಕೊನೆಗೆ ರೀಲಿನ ಬಿಗಿ ಸಡಿಲಿಸು.
ಇದನ್ನು ಎರಡು ಸಲ ಹೇಳಿದ್ದ.

ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಚಿಟಿಕೆ ಸೋಂಪು
ಕಲಸುತ್ತಿರುವಾಗ ಸ್ಕೂಟರ್ ಬರುತ್ತದೆ.
ಘೇವರ್‌ಚಂದ್, ಮಾಮೂಲ್‌ಪೇಟೆಯಲ್ಲಿ ಪಾತ್ರೆ ಅಂಗಡಿ.
ಸ್ಟೀಲ್ ಡಬ್ಬಿಯ ತುಂಬ ಗೋಧಿ ಹಿಟ್ಟಿನ ಉಂಡೆ,
ಗೋಲಿ ಗಾತ್ರ, ಎಲ್ಲವೂ ಒಂದೇ ಅಳತೆ.
ಒಂದೊಂದೇ ಎಸೆಯುತ್ತಾರೆ, ತುಟಿ ಅಲುಗುತ್ತಿರುತ್ತದೆ.
ಅವರ ಪುಣ್ಯ ತಿಂದು ದಪ್ಪಗಾದ ಮೀನು
ನನ್ನ ಸಾರಿಗೆ ಬರುತ್ತದೆ. ಇದು ಇಬ್ಬರಿಗೂ ಗೊತ್ತು.

ಮೊದಲ ವರ್ಷ ಮಾತಿಲ್ಲ.
ಎರಡನೇ ವರ್ಷ ಒಪ್ಪಂದ:
‘ಬೇವಿನ ಮೋಟಿನ ಎಡಕ್ಕೆ ನಿಮ್ಮ ಗಾಳ ಬೇಡ ಕಂಡಕ್ಟ್ರಮ್ಮ.’
‘ಬಲಕ್ಕೆ ನಿಮ್ಮ ಹಿಟ್ಟು ಬೇಡ ಸೇಠ್‌ಜಿ.’
ಅಂದಿನಿಂದ ನನ್ನ ಮೂರು ಕೋಲೂ ಬಲಕ್ಕೆ ವಾಲಿ ನಿಲ್ಲುತ್ತವೆ,
ಮೇಖ್ರಿ ಸರ್ಕಲ್ ತಿರುವಿನಲ್ಲಿ ನಿಂತ ಪ್ರಯಾಣಿಕರಂತೆ.
ಮೀನಿಗೆ ಯಾವ ಸ್ಟೇಜು?
ಎಡಕ್ಕೆ ಉಂಡೆ ನುಂಗಿ, ಬಲಕ್ಕೆ ರಾಗಿ ಮೂಸಲು ಬರುತ್ತದೆ.

ಕಳೆದ ತಿಂಗಳು ನಾನು ಟೀ ಕುಡಿಯಲು
ಗೇಟಿನ ಹತ್ತಿರ ಹೋಗಿದ್ದೆ.
ಬಿಗಿ ಸಡಿಲಿಸಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.
ಗೆಜ್ಜೆ ಒಂದೇ ಸಮ, ಆಮೇಲೆ ಕೂಗು,
ಲೋಟ ಬಿಟ್ಟು ಓಡಿದೆ.
ಕಾಲಬುಡದ ಕೋಲು ಕವೆ ಕಿತ್ತುಕೊಂಡು ನೀರಿಗೆ ಹೊರಟಿತ್ತು,
ಘೇವರ್‌ಚಂದ್ ಮೊಣಕಾಲವರೆಗೆ ನೀರಿನಲ್ಲಿ,
ಎರಡೂ ಕೈಯಲ್ಲಿ ಅದರ ಹಿಡಿ.
ಬಿಳಿ ಪೈಜಾಮ, ಕನ್ನಡಕದ ಮೇಲೆ ಕೆಸರು.

‘ನಾನು ಮೀನು ಹಿಡಿದಿಲ್ಲ ಅಮ್ಮಾ! ಕೋಲು ಬೀಳ್ತಿತ್ತು,
ಕೋಲು ಮಾತ್ರ ಹಿಡಿದೆ!’
ಕೋಲು ಬಿಲ್ಲಾಗಿತ್ತು.
ಆಚೆ ತುದಿಯಲ್ಲಿ ಯಾವುದೋ ಭಾರ
ತಲೆಯಾಡಿಸಿ ಬೇಡ ಬೇಡ ಎನ್ನುತ್ತಿತ್ತು,
ಅದು ಅವರ ಮೊಣಕೈಯವರೆಗೆ ಕೇಳುತ್ತಿದ್ದದ್ದು
ನನಗೆ ದಡದಿಂದಲೇ ಕಂಡಿತು.

ಕೊಡಿ, ಅಂದೆ.
ಕೊಡಲಿಲ್ಲ.
ಎಷ್ಟು ಹೊತ್ತು? ಒಂದು ಸಿಗ್ನಲ್ಲಿನಷ್ಟು.
ಆಮೇಲೆ ದಾರ ಕಲ್ಲಿಗೆ ಉಜ್ಜಿ, ಟಪ್.
ಅವರು ಕೈ ನೋಡಿಕೊಂಡರು.
‘ಎಷ್ಟಿತ್ತು?’ ಅಂದರು.
‘ಐದು ಕಿಲೋ ಇರಬಹುದು.’
‘ಜಾಸ್ತಿ’ ಅಂದರು, ಪಾತ್ರೆ ತೂಗುವವರ ದನಿಯಲ್ಲಿ.

ಮುಂದಿನ ಮಂಗಳವಾರ ಸ್ಕೂಟರ್ ಬಂತು.
ಮೋಟಿನಿಂದ ಇನ್ನೂ ನಾಲ್ಕು ಮಾರು ದೂರ ನಿಂತು
ಎಂದಿನಂತೆ ಒಂದೊಂದೇ ಉಂಡೆ.
ನಾನು ಕಾಲಬುಡದ ಕೋಲನ್ನು ಕಿತ್ತು
ನಾಲ್ಕು ಮಾರು ಈಚೆಗೆ ನೆಟ್ಟೆ.
ಬಿಗಿ ಸಡಿಲಿಸಿದೆ. ಮತ್ತೊಮ್ಮೆ ನೋಡಿದೆ.
ಡಬ್ಬಿ ಖಾಲಿಯಾದ ಮೇಲೂ ಅವರು ಹೋಗಲಿಲ್ಲ.
ನನ್ನತ್ತ ನೋಡದೆ ಕೇಳಿದರು:
‘ಆ ಗೆಜ್ಜೆ ಸರಿಯಾಗಿ ಕಟ್ಟಿದ್ದೀರಾ?’