ಮೀನಖಂಡ

ಕಾಲಿನ ಈ ಹಿಂಬದಿಗೆ ಮೀನಖಂಡ ಎಂದು
ಹೆಸರಿಟ್ಟವರು ಯಾರೋ,
ಅವರಿಗೂ ರಾತ್ರಿ ಎರಡಕ್ಕೆ ಎಚ್ಚರಾಗಿರಬೇಕು.
ಇಲ್ಲದಿದ್ದರೆ ಹೇಗೆ ಗೊತ್ತು,
ಮೊಣಕಾಲ ಕೆಳಗೊಂದು ಮೀನು ಇದೆ,
ಹಗಲೆಲ್ಲ ತೆಪ್ಪಗಿದ್ದು
ಕತ್ತಲಲ್ಲಿ
ದಡಕ್ಕೆ ಎಸೆದ ಹಾಗೆ ಬಡಿದುಕೊಳ್ಳುತ್ತದೆ ಎಂದು?

ಕೌಲ್ ಬಜಾರಿನ ಸಾಲುಮನೆ. ನಾಲ್ಕನೇ ಬಾಗಿಲು ನನ್ನದು.
ಗೋಡೆ ಅಂದರೆ ಒಂದೇ ಇಟ್ಟಿಗೆ ದಪ್ಪ.
ಈ ಕಡೆ ಸೀನಿದರೆ ಆ ಕಡೆಯಿಂದ
'ನೂರು ವರ್ಷ' ಅನ್ನುತ್ತಾರೆ.
ನನ್ನ ಮೀನು ಎದ್ದರೆ ಓಣಿಗೆಲ್ಲ ಗೊತ್ತು.

ದಿನಕ್ಕೆ ಮುನ್ನೂರು ಜೇಬು ಹೊಲಿಯುತ್ತೇನೆ.
ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು,
ಮೇಲೆ ಹಳದಿ ದಾರದ ಎರಡು ಗೆರೆ, ಹಕ್ಕಿ ಹಾರಿದ ಹಾಗೆ.
ಯಾರ ಕುಂಡಿಯ ಮೇಲೆ ಕೂತು
ಯಾವ ಊರು ನೋಡುತ್ತದೋ ಆ ಹಕ್ಕಿ.
ನನ್ನ ಬಲಗಾಲು ಪೆಡಲ್ ಬಿಟ್ಟು ಎಲ್ಲೂ ಹೋಗಿಲ್ಲ.
ಕರೆಂಟ್ ಮಷಿನ್ ಬಂದ ಮೇಲೆ ತುಳಿಯುವುದೂ ಇಲ್ಲ,
ಬರೀ ಒತ್ತಿ ಹಿಡಿಯುವುದು.
'ತುಳಿದ ಕಾಲು ದಣೀತೈತಿ,
ಹಿಡಿದ ಕಾಲು ಸಿಟ್ಟಾಗತೈತಿ'
ಅನ್ನುತ್ತಾನೆ ಮೇಸ್ತ್ರಿ ಪಂಪಣ್ಣ.
ಅಂದು, ಇನ್ನೊಂದು ಕಟ್ಟು ತಂದು ಮುಂದೆ ಹಾಕುತ್ತಾನೆ.

ಔಷಧ ಬಂದದ್ದು ಗೋಡೆಯಿಂದಲೇ.
ಸುಂಕಲಮ್ಮ ಅಂದಳು: ಔಡಲೆಣ್ಣೆ ಬೆಚ್ಚಗೆ ಮಾಡು,
ಕೆಳಗಿಂದ ಮೇಲಕ್ಕೆ ತಿಕ್ಕು.
ಮೇಲಿಂದ ಕೆಳಕ್ಕೆ ತಿಕ್ಕಿದರೆ ಮೀನು ಪಾದಕ್ಕಿಳಿಯುತ್ತದೆ.
ಗೌಸಿಯಾಬಿ: ದಿಂಬಿನ ಕೆಳಗೆ ಕಬ್ಬಿಣ ಇಡು.
ಕತ್ತರಿ ಇಟ್ಟೆ. ದಿಂಬು ಹರಿಯಿತು, ನೋವು ಹಾಗೇ ಇತ್ತು.
ಅವಳ ಅತ್ತೆ ಅಲ್ಲಿಂದಲೇ ಕೂಗಿದಳು:
ಕತ್ತರಿಯಲ್ಲ ತಾಯಿ, ಬೀಗದ ಕೈ!
ಕತ್ತರಿ ಇಟ್ಟರೆ ಗಂಡ ಹೆಂಡಿರಿಗೆ ಜಗಳ.
ಜಗಳಕ್ಕೆ ಗಂಡ ಎಲ್ಲಿದ್ದಾನೆ, ಅಂದೆ.
ಎರಡೂ ಗೋಡೆ ನಕ್ಕವು, ಆ ಸರಿರಾತ್ರಿ.

ಮಜ್ಜಿಗೆಗೆ ಸೈಂಧವ ಉಪ್ಪು. ಮಲಗುವ ಮುಂಚೆ ಬಿಸಿನೀರು.
ಮೂಲೆ ಮನೆಯ ಆದೋನಿ ಅಕ್ಕ ಎಳ್ಳುಂಡೆ ಕೊಟ್ಟಳು,
ಕಾಲಿಗೆ ಏನಾಯಿತೋ ತಿಳಿಯದು, ನಾಲ್ಕು ತಿಂದೆ.
ಬಾಳೆಹಣ್ಣು ತಿನ್ನು ಅಂದರು ಆಸ್ಪತ್ರೆಯಲ್ಲಿ.
ಎಷ್ಟು ಜೇಬಿಗೆ ಒಂದು ಬಾಳೆಹಣ್ಣು
ಎಂದು ಲೆಕ್ಕ ಹಾಕುತ್ತ ಹಾಕುತ್ತ
ಒಂದು ರಾತ್ರಿ ನಿದ್ದೆ ಬಂದುಬಿಟ್ಟಿತು.

ತಣ್ಣನೆ ಕಲ್ಲಿನ ಮೇಲೆ ಅಂಗಾಲು ಊರು,
ಇದು ಎಲ್ಲರೂ ಹೇಳಿದ್ದು.
ಬಳ್ಳಾರಿಯ ಮೇ ತಿಂಗಳಲ್ಲಿ ತಣ್ಣನೆ ಕಲ್ಲು?
ಕೋಟೆಗುಡ್ಡ ಹಗಲೆಲ್ಲ ಬಿಸಿಲು ಕುಡಿದು
ಬೆಳ್ಳಂಬೆಳಗಿನ ತನಕ ಓಣಿಯ ಮುಖಕ್ಕೆ ತೇಗುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು
ತಪ್ಪು ಹೊಲಿಗೆ ಬಿದ್ದ ಒಂದು ಸೊಂಟಪಟ್ಟಿ, ಮೂವತ್ನಾಲ್ಕರ ಸೈಜು.
ಉಂಗುಟಕ್ಕೆ ಸಿಕ್ಕಿಸಿ, ಕಾಲು ನೀಡಿ,
ಎರಡೂ ಕೈಯಲ್ಲಿ ಎದೆಯ ಕಡೆ ಎಳೆಯುವುದು.
ಹಲ್ಲು ಕಚ್ಚಿ ಮೂವತ್ತು ಎಣಿಸುವಷ್ಟರಲ್ಲಿ
ಮೀನು ನೀರಿಗಿಳಿಯುತ್ತದೆ.
ಬೆರಳಿಗೆ ಒಂದಿಷ್ಟು ನೀಲಿ ಹತ್ತುತ್ತದೆ, ಅಷ್ಟೇ.

ಮೊನ್ನೆ ಐದನೇ ಬಾಗಿಲಿನಲ್ಲಿ ಸದ್ದು.
ಬಟ್ಟೆ ತೊಳೆಯುವ ಯೂನಿಟ್ಟಿಗೆ ಬಂದ ಹೊಸ ಹುಡುಗ,
ದಿನವಿಡೀ ನೀರಲ್ಲಿ ನಿಲ್ಲುತ್ತಾನೆ.
ಯಾವ ರಾಜ್ಯವೋ. ಕನ್ನಡ ಬಾರದು.
'ಮಾಈ' ಅಂದ, ಒಂದೇ ಸಲ, ಬಾಯಿ ಮುಚ್ಚಿಕೊಂಡು.
ನನಗೆ ಆ ಮಾತು ತಿಳಿಯಿತು, ನೋವೂ ತಿಳಿಯಿತು.
ಇಟ್ಟಿಗೆಗೆ ಬಾಯಿ ಹಚ್ಚಿ
ಗೌಸಿಯಾಬಿಯಿಂದ ಕಲಿತ ಹಿಂದಿಯಲ್ಲಿ ಅಂದೆ:
'ಅಂಗೂಠಾ ಖೀಂಚೋ ಬೇಟಾ. ತುಮಾರೇ ತರಫ್.'
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ, ಮೆಲ್ಲಗೆ, 'ಹಾಂ.'

ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಡುವಾಗ
ಅವನ ಬಾಗಿಲ ಚಿಲಕಕ್ಕೆ ಒಂದು ಪಟ್ಟಿ ಸಿಕ್ಕಿಸಿ ಬಂದೆ.
ಇಪ್ಪತ್ತೆಂಟರ ಸೈಜು.
ಹುಡುಗ ಬಹಳ ಸಣ್ಣಗಿದ್ದಾನೆ.