ಹರಕತ್ತು

ದವಂಡಿ ಹೊಡೆದು ಮೂರು ದಿನವಾಗಿತ್ತು.
ಮೊದಲು ಮರಾಠಿಯಲ್ಲಿ, ಚೀಟಿ ನೋಡಿ;
ಆಮೇಲೆ ಶಿಪಾಯಿ ಲಾಯಪ್ಪ ಚೀಟಿ ಮಡಚಿ
ತನಗೆ ತಿಳಿದಷ್ಟು ಕನ್ನಡದಲ್ಲಿ:
‘ಬೇವನಾಳ, ಸಾತನಕೇರಿ, ಎರಡೂ ಪಂಚಾಯ್ತಿ
ಕೂಡಿ ಒಂದಾಗ್ತಾವಂತ್ರೋ...
ಹರಕತ್ತಿದ್ದವರು ಬುಧವಾರ ಚಾವಡಿಗೆ ಬರ್ರೋ...’

ಬುಧವಾರ ಅಕ್ಕಲಕೋಟೆಯಿಂದ ಜೀಪು ಬಂತು.
ಸಾಹೇಬರಿಗೆ ಕನ್ನಡ ಬಾರದು.
ನಮ್ಮ ಮಂದಿಗೆ ಮರಾಠಿ ಬರುತ್ತದೆ, ಬಜಾರಿಗೆ ಸಾಕಾಗುವಷ್ಟು;
ಸರಕಾರದ ಮುಂದೆ ನಿಂತಾಗ ಅದೂ ಆರಿಹೋಗುತ್ತದೆ.
ಅಂತ ಕನ್ನಡ ಶಾಲೆಯಿಂದ ನನ್ನನ್ನು ಕರೆಸಿದರು.
ಅವರದು ಇವರಿಗೆ ಹೇಳು, ಇವರದು ಅವರಿಗೆ ಹೇಳು,
ಎರಡನ್ನೂ ರಿಜಿಸ್ಟರಿನಲ್ಲಿ ಬರೆ.

ಅನುಕ್ರಮ, ಹೆಸರು, ಹರಕತ್ತು, ಸಹಿ.
ಮೂರನೆಯ ಕಾಲಮ್ಮಿನ ಅಗಲ
ನನ್ನ ಎರಡು ಬೆರಳು.

ಮೊದಲು ಎದ್ದವನು ಮಲಕಣ್ಣ.
‘ಅವರೂರಾಗ ಟಾಕಿ ಐತಿ, ಟಾಕಿಗೆ ಕೀಲಿ ಐತಿ,
ಕೀಲಿ ಅವರ ಸರಪಂಚನ ಉಡದಾರದಾಗ ಐತಿ.
ಕೂಡಿದ ಮ್ಯಾಲ ಯಾರ ಉಡದಾರಕ್ಕ?’
ಚಾವಡಿ ನಕ್ಕಿತು. ಸಾಹೇಬರು ನನ್ನ ಮುಖ ನೋಡಿದರು.
ಉಡದಾರಕ್ಕೆ ಮರಾಠಿ ಮಾತು
ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ.
ಬರೆದೆ: ನೀರು.

ಮಶಾಕಸಾಬ ಕಪಾಟಿನ ಕಡೆ ಬೆರಳು ತೋರಿದ.
ಬಾಗಿಲು ಮುರಿದದ್ದು, ಸುತ್ತಲೂ ಹಗ್ಗ ಕಟ್ಟಿದ್ದು.
‘ನಮ್ಮಣ್ಣ ಹುಟ್ಟಿದ್ದು ಅದರಾಗ ಐತ್ರಿ,
ಸತ್ತಿದ್ದೂ ಅದರಾಗs ಐತಿ, ನಡುವ ಒಂಬತ್ತು ದಿನ.
ಅಂವನ ಹೆಸರು ಬ್ಯಾರೆ ಎಲ್ಲೂ ಇಲ್ಲ.
ಗಾಡ್ಯಾಗ ಹೇರೂ ಮುಂದ ಮಳಿಗಿಳಿಗೆ ಸಿಗದಂಗ
ಒಂದು ತಾಡಪತ್ರಿ ಹೊಚ್ಚರಿ.’
ಇದು ಹರಕತ್ತೋ ವಿನಂತಿಯೋ ಎಂದು ಸಾಹೇಬರು ಕೇಳಿದರು.
ವಿನಂತಿಗೆ ಕಾಲಂ ಇರಲಿಲ್ಲ.

ಗಾಡಿ ಮೇಲೆ ಬಂದ ಹುಡುಗರು ಕೂಡಲಿ ಅಂದರು,
ನಿಧಿ ಹೆಚ್ಚು ಬರುತ್ತದೆ, ರಸ್ತೆ ಆಗುತ್ತದೆ.
ಸುಳ್ಳೇನಲ್ಲ. ನಾನೂ ಆ ಕೆಸರಿನಲ್ಲಿ
ಎಷ್ಟೋ ಸಲ ಸೈಕಲ್ಲನ್ನು ಹೊತ್ತು ನಡೆದವನು.
ಅವರ ಮಾತು ಬರೆಯುವಂತಿಲ್ಲ;
ಒಪ್ಪಿಗೆಗೆ ಹೆಸರು ಬೇಡ,
ಸುಮ್ಮನಿದ್ದರೆ ಸಾಕು.

ಕಡೆಗೆ ಹೆಂಗಸರ ಸಾಲಿನಿಂದ ಶಾವಂತ್ರವ್ವ.
‘ನಾ ಸಾತನಕೇರಿ ಮಗಳು, ಬೇವನಾಳದ ಸೊಸಿ.
ನಡುವ ಒಂದು ಹಳ್ಳ, ಬ್ಯಾಸಗ್ಯಾಗ ಮಳ್ಳಾಗ ಪಾದ ಸೈತ ತೊಯ್ಯಂಗಿಲ್ಲ.
ಅಲ್ಲಿ ರೇಶನ್ ಕಾರ್ಡಿನ್ಯಾಗ ನನ್ನ ಹೆಸರು ಕಡಿಯಾಕ ಒಂದು ದಿನ.
ಇಲ್ಲಿ ಕೂಡಸಾಕ ನಾಕು ವರ್ಷ.
ಆ ನಾಕು ವರ್ಷ ನಾ ಯಾವ ಊರಾಕಿ?
ಕೇಳರಿ ಮಾಸ್ತರ, ಅವರನ್ನ ಕೇಳರಿ.’

ಕೇಳಿದೆ.
ಒಂದು ಶಬ್ದವನ್ನೂ ಬಿಡದೆ, ಆ ದಿನ ಒಂದೇ ಸಲ.
ಸಾಹೇಬರು ಚಹಾದ ಮೇಲಿನ ಕೆನೆಯನ್ನು ಬೆರಳಿಂದ ಸರಿಸಿ
‘ಪುಢೇ’ ಅಂದರು.
ಅದನ್ನು ನಾನು ಕನ್ನಡಕ್ಕೆ ತರಲಿಲ್ಲ.
ಆಕೆ ಆಗಲೇ ಸೆರಗು ಸರಿಮಾಡಿಕೊಂಡು
ಪೆನ್ನಿಗೆ ಕೈ ಚಾಚಿದ್ದಳು.
ಹೆಬ್ಬೆಟ್ಟಿನ ಡಬ್ಬಿಯನ್ನು ಆಚೆ ತಳ್ಳಿ
ಒಂದೊಂದೇ ಅಕ್ಷರ ಬರೆದಳು, ಕನ್ನಡದಲ್ಲಿ.
ಕಲಿಸಿದ್ದು ನಾನಲ್ಲ,
ಸಾತನಕೇರಿಯ ಶಾಲೆ. ಅದು ಮುಚ್ಚಿ ಹನ್ನೊಂದು ವರ್ಷ.
ನಮ್ಮ ಪಂಚಾಯ್ತಿ ಬೋರ್ಡಿನ ಕೆಳಗೆ
ಮರಾಠಿ ಹೆಸರಿನ ಅಡಿಯಲ್ಲಿ
ನೀಲಿ ಬಣ್ಣದ ಸಣ್ಣ ಕನ್ನಡ ಸಾಲೊಂದಿದೆ.
ಯಾರು ಬರೆದರೆಂದು ಯಾರೂ ಕೇಳಿಲ್ಲ.
ಆ ಬಣ್ಣದ ಡಬ್ಬಿ ಇನ್ನೂ
ನನ್ನ ಮಂಚದ ಕೆಳಗಿದೆ.
ಹೊಸ ಕಚೇರಿ ಸಾತನಕೇರಿಯಲ್ಲಿ,
ಬೋರ್ಡು ಹೊಸದು.

ರಿಜಿಸ್ಟರಿನಲ್ಲಿ ಗೆರೆ ಎಳೆದೆ. ಒಟ್ಟು: ಮೂರು.
ಸಾಹೇಬರು ಏಳುತ್ತ, ಒಳ್ಳೆಯ ಮನುಷ್ಯ,
ನನ್ನತ್ತ ತಿರುಗಿ ಕೇಳಿದರು:
‘ಗುರೂಜೀ, ತುಮಚಂ ಕಾಹೀ?’

ಮುಂಜಾನೆಯಿಂದ ಬಿದ್ದ ರೂಢಿ.
ಚಾವಡಿಯ ಕಡೆ ತಿರುಗಿ, ದೊಡ್ಡ ದನಿಯಲ್ಲಿ
ನಾನೇ ಹೇಳಿಬಿಟ್ಟೆ:
‘ಮಾಸ್ತರ, ನಿಮ್ಮದೇನರ ಐತೇನು?’

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.