ಗಾಳಿಗೆ ಕಾಸು

ಎಂಟು ವಾರಾಂತ್ಯ ಯಾರ್ಕ್‌ಶೈರಿನ ಮೋಡ
ವಿಮಾನ ಏರಗೊಡಲಿಲ್ಲ.
ಹ್ಯಾಂಗರಿನಲ್ಲಿ ಕೂತು ಚಹಾ ಕುಡಿದು ಕುಡಿದು
ಕೊನೆಗೆ ಗ್ಲೆನಿಸ್ ಅಂದಳು: ಮೋಡವಿಲ್ಲದ ಕಡೆ ಹೋಗೋಣ.
ಹಾಗೆ ಬಂದೆವು ಅರಿಝೋನಾದ ಎಲಾಯ್‌ಗೆ,
ಶಾಲೆ ಬಸ್ಸು ಓಡಿಸಿ ನಿವೃತ್ತಳಾದ ಗ್ಲೆನಿಸ್,
ಹಲ್ ಬಂದರಿನ ವೆಲ್ಡರ್ ತೋಮಾಶ್,
ಡಯಾಲಿಸಿಸ್ ವಾರ್ಡಿನ ರಾತ್ರಿಪಾಳಿ ನರ್ಸು ನಾನು,
ಮೂವರ ಬೆನ್ನಿಗೂ ಒಂದೊಂದು ಪ್ಯಾರಾಚೂಟು
ಕೂಸು ಕಟ್ಟಿಕೊಂಡವರ ಹಾಗೆ.

ಇತ್ತ ಹತ್ತಿ ಹೊಲ, ಅತ್ತ ಹೆದ್ದಾರಿ, ನಡುವೆ ಧೂಳು.
ತಗಡಿನ ಕೋಣೆ, ಅಂತಸ್ತಿನ ಮಂಚ,
ಮೇಲೆ ಮಲಗಿದ್ದು ಯಾರೆಂದು ಗೊರಕೆಯಿಂದ ಗುರುತು.
ಯಾರೂ ಊರು ಕೇಳುವುದಿಲ್ಲ, ಕುಲ ಕೇಳುವುದಿಲ್ಲ,
ಕೇಳುವುದು ಒಂದೇ: ಎಷ್ಟು ಜಿಗಿತ?
ನೂರಾ ಹನ್ನೊಂದು, ಅಂದೆ.
ಆರು ಸಾವಿರದ ಮುದುಕನೊಬ್ಬ
ಬೆಂಚಿನಲ್ಲಿ ಜರುಗಿ ಜಾಗ ಕೊಟ್ಟ.
ಇಲ್ಲಿ ಏನೇ ಮೊದಲ ಸಲ ಮಾಡಿದರೂ
ಎಲ್ಲರಿಗೂ ಬಿಯರು ಕೊಡಿಸಬೇಕಂತೆ,
ಮೊದಲ ಸಲ ಕಾಲು ಮುರಿದುಕೊಂಡರೂ.

ನನ್ನದು ಎಡಗಾಲಿನ ಖಾಯಿಲೆ.
ಬೀಳುವಾಗ ಅದು ತಾನಾಗಿ ಮಡಚಿಕೊಳ್ಳುತ್ತದೆ,
ನಾನು ಆಕಾಶದಲ್ಲಿ ಬುಗುರಿ.
ಅದಕ್ಕೇ ಈ ಗಾಳಿ ಸುರಂಗ:
ಗಾಜಿನ ಕೊಳವೆ, ಅಡಿಯಲ್ಲಿ ಬಲೆ,
ನಿಮಿಷಕ್ಕೆ ಇಷ್ಟು ಡಾಲರೆಂದು
ಅಳೆದು ಬಿಡುವ ಗಾಳಿ.

ಅಪ್ಪ ಚಿಂತಾಮಣಿಯ ಬಸ್ ಸ್ಟ್ಯಾಂಡಿನೆದುರು
ಸೈಕಲ್ ಶಾಪಿನಲ್ಲಿ ಗಾಳಿ ಮಾರಿದವನು.
ಚಕ್ರಕ್ಕೆ ಹತ್ತು ಪೈಸೆ.
ಜವಳಿ ಅಂಗಡಿಯವರೊಮ್ಮೆ ನಾಲ್ಕಾಣೆ ಕೊಟ್ಟು
ಇಟ್ಕೊಳೋ ಎಂದದ್ದಕ್ಕೆ
ಬೆನ್ನಟ್ಟಿ ಹೋಗಿ ಚಿಲ್ಲರೆ ಅವರ ಜೇಬಿಗೆ ಹಾಕಿ ಬಂದ.
ಗಾಳಿ ಏನು ನಮ್ಮಪ್ಪಂದಾ?

ಮರಿಸೆಲಾ. ಹೆಬ್ಬೆರಳಿಗೆ ಬಿಳಿ ಟೇಪು,
ಒಂದು ಭುಜ ಇನ್ನೊಂದಕ್ಕಿಂತ ತುಸು ಕೆಳಗೆ.
ಆ ಸದ್ದಿನಲ್ಲಿ ಮಾತಿಗೆ ಜಾಗವಿಲ್ಲ.
ಎರಡು ಬೆರಳು ನೆಟ್ಟಗಾದರೆ ಕಾಲು ಚಾಚು,
ಗದ್ದ ಮುಟ್ಟಿಕೊಂಡರೆ ತಲೆ ಎತ್ತು,
ಹೆಬ್ಬೆರಳು ಕಿರುಬೆರಳು ಅಲ್ಲಾಡಿದರೆ
ಸ್ವಲ್ಪ ಸಡಿಲವಾಗೇ ಮಾರಾಯ್ತಿ.
ಗೋಡೆಗೆ ಬಡಿದೆ. ಬಲೆಗೆ ಬಿದ್ದೆ.
ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅನ್ನುವ ಗಾದೆ ಕಟ್ಟಿದವನು
ನನಗಿಂತ ಮೊದಲೇ ಇಲ್ಲಿ ಬಂದು ಹೋಗಿರಬೇಕು.
ಏಳನೆಯ ನಿಮಿಷ ಅವಳು
ನನ್ನ ಎಡ ಮೀನಖಂಡವನ್ನು ಎರಡು ಬೆರಳಲ್ಲಿ
ನಾಡಿ ನೋಡುವಂತೆ ಮುಟ್ಟಿದಳು.
ಅಷ್ಟೇ. ಕಾಲಿಗೆ ನೆನಪಾಯಿತು
ತಾನೂ ನನ್ನದೆಂದು.
ಅವಳು ಕೈ ಬಿಟ್ಟಳು.
ಮಲಗಿದ ಹಾಗೇ ನಿಂತೆ,
ಏನನ್ನೂ ಹಿಡಿಯದೆ.

ಕೊಡಬೇಕೋ ಬೇಡವೋ?
ನಮ್ಮ ಕಡೆ ಯಾರೂ ಕೊಡಲ್ಲ, ಅಂದಳು ಗ್ಲೆನಿಸ್.
ಇಲ್ಲಿ ಕೊಡದಿದ್ದರೆ ಆಡಿಕೊಳ್ತಾರೆ, ಅಂದ ತೋಮಾಶ್.
ಅವಳ ಭುಜದ ಔಷಧಿಗೇ ಸಂಬಳ ಸಾಲದು,
ಅಂದ ಆರು ಸಾವಿರದ ಮುದುಕ, ಬೂಟು ಬಿಚ್ಚುತ್ತ.
ಭಕ್ಷೀಸು ಅಂದುಕೊಂಡರೆ ನನ್ನ ಕೈ ದೊರೆಯದಾಗುತ್ತದೆ,
ದಕ್ಷಿಣೆ ಅಂದರೆ ಅವಳು ಪಾದ ಚಾಚಬೇಕಾಗುತ್ತದೆ.
ಹೆಸರಿಲ್ಲದ ಮೂವತ್ತು ಡಾಲರು
ಅಂಗೈಯಲ್ಲಿ ಬೆವೆತವು.
ಹೆಲ್ಮೆಟ್ಟು ಹಿಂದಿರುಗಿಸುವಾಗ ಒಳಗಿಟ್ಟು ಕೊಟ್ಟೆ,
ಕೊಡುತ್ತಿದ್ದೆನೋ ಕದಿಯುತ್ತಿದ್ದೆನೋ ಅನ್ನುವ ಹಾಗೆ.
ಅವಳು ನನ್ನೆದುರೇ ಎಣಿಸಿದಳು.
ಮಡಚಿ ಕಾಲ್ಚೀಲಕ್ಕೆ ಸಿಕ್ಕಿಸಿ,
ನಾಳೆ ಬಲಗಾಲನ್ನೂ ನೋಡೋಣ, ಅಂದಳು.

ಸಂಜೆ, ಅದೇ ಕಾಲ್ಚೀಲದಿಂದ ಹತ್ತರ ನೋಟು ತೆಗೆದು
ತನ್ನ ಪ್ಯಾರಾಚೂಟು ಮಡಚಿಕೊಟ್ಟ ಹುಡುಗನ ಕಿವಿಗೆ
ಬೀಡಿ ಸಿಕ್ಕಿಸುವಂತೆ ಸಿಕ್ಕಿಸಿದಳು.
ಅವನು ತಲೆ ಎತ್ತಲಿಲ್ಲ, ಮಂಡಿಯೂರಿ
ಇನ್ನೊಬ್ಬರ ಬಟ್ಟೆಯಿಂದ ಗಾಳಿ ಒತ್ತಿ ತೆಗೆಯುತ್ತಿದ್ದ.

ಬೆಂಕಿಯ ಸುತ್ತ ಬಿಯರು ನನ್ನ ಲೆಕ್ಕದ್ದು,
ಮೊದಲ ಸಲ ಅಲ್ಲಾಡದೆ ನಿಂತದ್ದಕ್ಕೆ.
ಯಾಕೋ ಜವಳಿ ಅಂಗಡಿಯವರು ನೆನಪಾದರು.
ಅವರು ಗಾಳಿಗೆ ಕೊಟ್ಟಿರಲಿಕ್ಕಿಲ್ಲ.
ಅಪ್ಪನ ಬಲ ಅಂಗೈಯಲ್ಲಿ ಪಂಪಿನ ಹಿಡಿ ಕೂತ
ಎರಡು ಗಂಟುಗಳಿದ್ದವು, ಹುಣಸೆಬೀಜದಷ್ಟು.
ಕಾಸು ಇಸಕೊಳ್ಳುವಾಗ ಕೈ ಚಾಚುತ್ತಾನಲ್ಲ,
ಆಗ ಕಂಡಿರುತ್ತದೆ.

ಬೆಳಗಿನ ಮೊದಲ ವಿಮಾನಕ್ಕೆ ಹೆಸರು ಬರೆಸಿದೆ.
ಮೋಡವಿಲ್ಲ.
ಎಡಗಾಲಿಗೆ ಇನ್ನೊಂದು ಸಲ ಹೇಳಿ ಮಲಗಿದೆ.